ದಂಡ ಹಾಕಲಿ, ಕೈ ಎತ್ತುವುದು ಬೇಡ

2025ರ ಮೇ ತಿಂಗಳ ಕೊನೆಯ ವಾರ ಮಂಡ್ಯ ನಗರದಲ್ಲಿ ನಡೆದದ್ದನ್ನು ಓದುಗ ಬಂಧುಗಳು ಮರೆತಿರಲಾರರು. ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದರು. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರ ಪೊಲೀಸರು ಬೈಕಿಗೆ ಅಡ್ಡ ಬಂದರು. ಆ ಗಡಿಬಿಡಿಯಲ್ಲಿ ಮಗು ರಸ್ತೆಗೆ ಬಿತ್ತು. ವಾಹನವೊಂದು ಅದರ ಮೇಲೆ ಹರಿಯಿತು. ಔಷಧಿ ಕೊಡಿಸಲು ಹೊರಟವರು ಮಗಳ ಶವವನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯಲ್ಲೇ ಕುಳಿತರು. ಮೂವರು ಎಎಸ್‌ಐಗಳು ಅಮಾನತಾದರು.

ಆಮೇಲೆ ಎರಡು ಬಗೆಯ ಮಾತು ಕೇಳಿಬಂದವು. ಪೊಲೀಸರೆಲ್ಲ ಕಟುಕರು ಎಂದು ಒಂದು ಕಡೆಯವರು ಅಂದರು. ಹೆಲ್ಮೆಟ್ ಹಾಕಿಕೊಂಡಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ಇನ್ನೊಂದು ಕಡೆಯವರು ಕೇಳಿದರು. ಎರಡನೆಯ ಮಾತು ನನ್ನ ಕಿವಿಗೆ ಬಿದ್ದದ್ದು ಹೆಚ್ಚಾಗಿ ಕಾರಿನಲ್ಲಿ ಓಡಾಡುವ ಜನರಿಂದ. ಎರಡೂ ಮಾತಿನಿಂದ ನಮಗೆ ತಿಳಿಯುವುದು ಏನೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದ್ದಕ್ಕೆ ಕಾನೂನು ಇಟ್ಟಿರುವ ಬೆಲೆ ಎಷ್ಟು? ಆ ಬೆಲೆ ವಸೂಲಿ ಮಾಡಲು ನಾವು ಎಷ್ಟು ಬಲ ಖರ್ಚು ಮಾಡುತ್ತಿದ್ದೇವೆ?

2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಹೆಲ್ಮೆಟ್ ಇಲ್ಲದ ಸವಾರನಿಗೆ 1,000 ರೂಪಾಯಿ ದಂಡ ಗೊತ್ತುಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಅಂದರೆ ಶಾಸನ ಮಾಡುವವರು ಕುಳಿತು ಯೋಚಿಸಿ ಈ ತಪ್ಪಿನ ತೂಕ ಇಷ್ಟು ಎಂದು ಅಳೆದಿದ್ದಾರೆ. ಅಳತೆ 500 ರೂಪಾಯಿ ಮತ್ತು ಒಂದು ರಸೀದಿ. ಅದರ ಮೇಲೆ ಒಂದು ಬೈಗುಳವಾಗಲಿ, ಕಪಾಳಕ್ಕೆ ಒಂದು ಏಟಾಗಲಿ, ಓಡುತ್ತಿರುವ ಗಾಡಿಯ ಹ್ಯಾಂಡಲ್ ಹಿಡಿದು ಎಳೆಯುವುದಾಗಲಿ ಆ ಅಳತೆಯಲ್ಲಿ ಇಲ್ಲ. ಗಾಡಿಯ ಕೀಲಿ ಕಿತ್ತುಕೊಳ್ಳುವ ಅಧಿಕಾರವನ್ನು ಆ ಕಾಯ್ದೆಯ ಯಾವ ಕಲಮೂ ಯಾರಿಗೂ ಕೊಟ್ಟಿಲ್ಲ. ಆದರೂ ನಮ್ಮ ಊರಿನ ಸರ್ಕಲ್‌ಗಳಲ್ಲಿ ಗಾಡಿ ನಿಲ್ಲುವ ಮೊದಲೇ ಕೀಲಿಗೆ ಕೈ ಹೋಗುತ್ತದೆ. ಅದು ಎಷ್ಟು ರೂಢಿಯಾಗಿದೆಯೆಂದರೆ ಕೀಲಿ ಕಿತ್ತುಕೊಳ್ಳದ ಪೊಲೀಸರನ್ನು ಕಂಡರೆ ಹೊಸಬರಿರಬೇಕು ಎಂದು ಜನ ಅಂದುಕೊಳ್ಳುತ್ತಾರೆ.

ಮಂಡ್ಯದ ಘಟನೆಯ ನಂತರ ರಾಜ್ಯ ಪೊಲೀಸ್ ಮುಖ್ಯಸ್ಥರ ಕಚೇರಿಯಿಂದ ಸೂಚನೆ ಹೊರಟಿತು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದರೆ ಬರೀ ಕಾಗದಪತ್ರ ನೋಡಲು ವಾಹನ ನಿಲ್ಲಿಸಬಾರದು, ಹಠಾತ್ತನೆ ಗಾಡಿಯ ಮುಂದೆ ನುಗ್ಗಬಾರದು, ಕೀಲಿ ಕಿತ್ತುಕೊಳ್ಳಬಾರದು, ಸವಾರರನ್ನು ಹಿಡಿದು ಎಳೆಯಬಾರದು ಎಂಬ ಮಾತುಗಳು ಅದರಲ್ಲಿದ್ದವು. ಒಳ್ಳೆಯ ಸೂಚನೆಯೇ. ಆದರೆ ಓದಿದಾಗ ಮನಸ್ಸಿಗೆ ಬೇಸರವೂ ಆಯಿತು. ಮಾಡಬಾರದು ಎಂದು ಬರೆದು ಹೇಳಬೇಕಾಗಿ ಬಂತೆಂದರೆ ಅಷ್ಟು ದಿನ ಅದು ನಡೆಯುತ್ತಿತ್ತು ಎಂದೇ ಅರ್ಥ. ಅಷ್ಟು ಬರೆಯಿಸಲು ಒಂದು ಮಗು ಸಾಯಬೇಕಾಯಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹೆಲ್ಮೆಟ್ ನಿಯಮ ಕ್ಷುಲ್ಲಕ ಎಂದು ನಾನು ಹೇಳುತ್ತಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸರ್ಕಾರವೇ ಲೆಕ್ಕ ಕೊಟ್ಟಿದೆ. ಅವರಲ್ಲಿ ಸುಮಾರು 50 ಸಾವಿರ ಜನ ಹೆಲ್ಮೆಟ್ ಧರಿಸದ ಬೈಕ್ ಸವಾರರು ಮತ್ತು ಹಿಂದೆ ಕುಳಿತವರು. ಒಂದು ತಾಲೂಕಿನ ಕೇಂದ್ರಸ್ಥಾನದಷ್ಟು ಜನ ಒಂದೇ ವರ್ಷದಲ್ಲಿ ಹೋದ ಹಾಗೆ. ಆದ್ದರಿಂದ ತಪಾಸಣೆ ಬೇಡವೆನ್ನುವ ಮಾತು ನನ್ನದಲ್ಲ. ದಂಡ ಹಾಕಲಿ, ತಪ್ಪದೆ ಹಾಕಲಿ, ಎಲ್ಲರಿಗೂ ಹಾಕಲಿ. ಜೀವ ಉಳಿಸಲು ಮಾಡಿದ ನಿಯಮವನ್ನು ಜೀವಕ್ಕೆ ಅಪಾಯ ತರುವ ರೀತಿಯಲ್ಲಿ ಜಾರಿ ಮಾಡಬೇಡಿ ಎಂಬುದಷ್ಟೇ ನನ್ನ ಮಾತು.

ಹೆದರಿಕೆ ಇಲ್ಲದಿದ್ದರೆ ನಮ್ಮ ಜನ ಮಾತು ಕೇಳುವುದಿಲ್ಲ ಎಂಬ ವಾದ ಬಹಳ ಹಳೆಯದು. ಮಠದ ಜಗುಲಿಯಲ್ಲೂ ಕೇಳುತ್ತೇವೆ, ಕಟ್ಟೆಯ ಮೇಲೂ ಕೇಳುತ್ತೇವೆ. ‘ನಾಲ್ಕು ಬಿಗಿದರೇ ಬುದ್ಧಿ ಬರೋದು ಸರ’ ಎಂದು ಹೇಳುವವರು ಬಹಳ ಸಲ ಸಜ್ಜನರೇ ಆಗಿರುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಶುರುವಾದಾಗ ಈ ವಾದ ಬೀದಿಗೇ ಇಳಿಯಿತು. ಔಷಧಿಗೆ ಹೊರಟವನೋ, ಹಾಲಿಗೆ ಹೊರಟವನೋ, ಸುಮ್ಮನೆ ತಿರುಗಲು ಹೊರಟವನೋ ಎಂದು ಕೇಳುವ ವ್ಯವಧಾನವಿಲ್ಲದೆ ಲಾಠಿ ಬೀಸಿದರು. ಬಸ್ಕಿ ಹೊಡೆಸಿದರು, ಕಪ್ಪೆಯಂತೆ ಕುಪ್ಪಳಿಸಲು ಹಚ್ಚಿದರು. ನಾವು ಮನೆಯಲ್ಲಿ ಕುಳಿತು ಆ ವಿಡಿಯೋಗಳನ್ನು ಒಬ್ಬರಿಂದ ಒಬ್ಬರಿಗೆ ಕಳಿಸಿಕೊಂಡು ನಕ್ಕೆವು. ಅದರಲ್ಲಿ ಪೆಟ್ಟು ತಿಂದವರ ಮುಖಗಳನ್ನು ಈಗ ನೆನಪಿಸಿಕೊಳ್ಳಿ. ಕೂಲಿಯವರು, ಹಮಾಲರು, ತರಕಾರಿ ಮಾರುವವರು, ಊರು ಸೇರಲು ನಡೆದು ಹೊರಟವರು. ಬೆಂಗಳೂರಿನ ಅಂದಿನ ಪೊಲೀಸ್ ಆಯುಕ್ತರು ಲಾಠಿಯನ್ನು ಠಾಣೆಯಲ್ಲೇ ಬಿಟ್ಟು ಬನ್ನಿ ಎಂದು ತಮ್ಮ ಸಿಬ್ಬಂದಿಗೆ ಹೇಳಬೇಕಾಯಿತು. ಹಾಗೆ ಹೇಳಿದ್ದರಿಂದ ಲಾಕ್‌ಡೌನ್ ಮುರಿದುಬೀಳಲಿಲ್ಲ.

ನಗೆಯ ವಿಡಿಯೋದ ಇನ್ನೊಂದು ತುದಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅದೇ ವರ್ಷ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂ ತೋರಿಸಿತು. ತೂತ್ತುಕುಡಿ ಜಿಲ್ಲೆಯ ಸಣ್ಣ ಪಟ್ಟಣ ಅದು. ಅಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ತಂದೆ ಮತ್ತು ಮಗ. ಗೊತ್ತುಮಾಡಿದ ಹೊತ್ತು ಮೀರಿ ಅಂಗಡಿ ತೆರೆದಿದ್ದರು ಎಂಬುದು ಅವರ ಮೇಲಿದ್ದ ಆರೋಪ. ಜೂನ್ 19ರಂದು ಅವರನ್ನು ಠಾಣೆಗೆ ಒಯ್ದರು. ರಾತ್ರಿ ಇಡೀ ಹೊಡೆದರು. ಮರುದಿನ ಮ್ಯಾಜಿಸ್ಟ್ರೇಟರು ಅವರನ್ನು ಹತ್ತಿರ ಕರೆದು ನೋಡದೆ ಜೈಲಿಗೆ ಕಳಿಸಲು ಒಪ್ಪಿಗೆ ಕೊಟ್ಟರು. 22ರಂದು ಮಗ ಸತ್ತ, 23ರಂದು ತಂದೆ. ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ತನಿಖೆ ಸಿಬಿಐಗೆ ಹೋಯಿತು. ಆ ಠಾಣೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ತಾವು ಕಂಡದ್ದನ್ನು ನ್ಯಾಯಾಂಗ ಅಧಿಕಾರಿಯ ಮುಂದೆ ಹೇಳಿದರು. ಸಹೋದ್ಯೋಗಿಗಳು ಸುತ್ತ ಇರುವಾಗಲೇ ಹೇಳಿದರು. ಆ ತಾಯಿಯ ಎದೆಗಾರಿಕೆಯ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬಂದದ್ದು ಕಡಿಮೆ.

ಅಂಗಡಿ ಮುಚ್ಚುವ ಹೊತ್ತು ಮೀರಿದ್ದು ಎಷ್ಟು ದೊಡ್ಡ ಅಪರಾಧ? ಒಂದು ನೋಟಿಸಿಗೆ, ಹೆಚ್ಚೆಂದರೆ ಒಂದು ದಂಡಕ್ಕೆ ಮುಗಿಯಬೇಕಾದದ್ದು. ಚಿಕ್ಕ ನಿಯಮ ಎಂಬ ಕಾರಣಕ್ಕೆ ಬಲವೂ ಚಿಕ್ಕದಾಗಿಯೇ ಇರುತ್ತದೆ ಎಂದು ನಾವು ನಂಬಿದ್ದೇವೆ. ನಡೆಯುವುದು ತಿರುಗಾಮುರುಗಾ. ದೊಡ್ಡ ಅಪರಾಧವಾದರೆ ಎಫ್‌ಐಆರ್ ಇರುತ್ತದೆ, ವಕೀಲರು ಬರುತ್ತಾರೆ, ಪತ್ರಿಕೆಯವರು ಕೇಳುತ್ತಾರೆ. ಪೆಟ್ಟಿ ಕೇಸಿಗೆ ಯಾರು ಬರುತ್ತಾರೆ? ಕಾಗದ ಇಲ್ಲ, ಸಾಕ್ಷಿ ಇಲ್ಲ. ಹೊಡೆಸಿಕೊಂಡವನು ಮುಖ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಆ ದಿನದ ಕೂಲಿ ತಪ್ಪಬಾರದಲ್ಲ.

ಬೀದಿ ಬದಿ ವ್ಯಾಪಾರಿಗಳ ಪಾಡು ಇನ್ನೂ ವಿಚಿತ್ರ. ಸಂತೆಯ ದಿನ, ಮಂತ್ರಿಗಳು ಬರುವ ದಿನ, ಹಬ್ಬದ ಹಿಂದಿನ ದಿನ ತಳ್ಳುಗಾಡಿಗಳನ್ನು ಎಬ್ಬಿಸುವುದನ್ನು ನೋಡದವರು ಯಾರಿದ್ದಾರೆ? ತಕ್ಕಡಿ ಜೀಪಿಗೆ ಹೋಗುತ್ತದೆ, ಬುಟ್ಟಿ ಉರುಳುತ್ತದೆ, ಟೊಮೆಟೊ ರಸ್ತೆಯಲ್ಲಿ ಚೆಲ್ಲುತ್ತದೆ. ತಕ್ಕಡಿ ತಿರುಗಿ ಬರಬೇಕಾದರೆ ಏನು ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. 2014ರಲ್ಲೇ ಸಂಸತ್ತು ಇವರಿಗಾಗಿ ಒಂದು ಕಾಯ್ದೆ ಮಾಡಿದೆ. ವ್ಯಾಪಾರಿಯನ್ನು ಎಬ್ಬಿಸಬೇಕಾದರೆ 30 ದಿನ ಮೊದಲು ನೋಟಿಸು ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಪ್ರತಿ ಕೊಡಬೇಕು. ಬಿಡಿಸಿಕೊಳ್ಳಲು ಬಂದರೆ, ಕೆಡದ ಸಾಮಾನನ್ನು ಎರಡು ಕೆಲಸದ ದಿನಗಳಲ್ಲಿ, ಹಣ್ಣು ತರಕಾರಿಯಂಥ ಕೆಡುವ ಸಾಮಾನನ್ನು ಅದೇ ದಿನ ತಿರುಗಿ ಕೊಡಬೇಕು. ಅದೇ ಕಾಯ್ದೆಯ 27ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಪ್ರಮಾಣಪತ್ರ ಇರುವ ವ್ಯಾಪಾರಿ ಅದರ ಷರತ್ತಿನಂತೆ ಮಾರುತ್ತಿದ್ದರೆ ಬೇರೆ ಯಾವ ಕಾನೂನಿನ ಹೆಸರಿನಲ್ಲೂ ಪೊಲೀಸರು ಅವರನ್ನು ತಡೆಯುವಂತಿಲ್ಲ. ಕಾಯ್ದೆ ಬಂದು ಹತ್ತು ವರ್ಷ ದಾಟಿದೆ. ಎಷ್ಟು ಠಾಣೆಗಳಲ್ಲಿ ಇದರ ಪ್ರತಿ ಇದ್ದೀತು? ತಮಾಷೆಯೆಂದರೆ, 2020ರಿಂದ ಸ್ವನಿಧಿ ಯೋಜನೆಯಲ್ಲಿ ಇದೇ ವ್ಯಾಪಾರಿಗೆ ಬ್ಯಾಂಕು ಸಾಲ ಕೊಡುತ್ತದೆ. ಸರ್ಕಾರದ ಒಂದು ಕೈ ಕೊಟ್ಟ ಸಾಲದಿಂದ ತಂದ ಮಾಲನ್ನು ಇನ್ನೊಂದು ಕೈ ಚರಂಡಿಗೆ ಚೆಲ್ಲುತ್ತದೆ. ಕಂತು ಮಾತ್ರ ಆಕೆಯೇ ಕಟ್ಟಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಡೆಗೂ ತಿರುಗಿ ನೋಡಬೇಕು. ಈ ಪತ್ರಿಕೆ ಓದುವವರಲ್ಲಿ ಬಹುಪಾಲು ಜನ ಲಾಠಿಯ ರುಚಿ ಕಂಡವರಲ್ಲ. ನಮ್ಮಲ್ಲಿ ಅನೇಕರಿಗೆ ಗಾಡಿ ಹಿಡಿದ ಕೂಡಲೇ ಮಾಡಲು ಒಂದು ಫೋನ್ ನಂಬರ್ ಇರುತ್ತದೆ. ಶಾಸಕರ ಆಪ್ತ ಸಹಾಯಕರದ್ದು, ಇಲಾಖೆಯಲ್ಲಿರುವ ಬೀಗರದ್ದು, ಕೆಲವೊಮ್ಮೆ ಮಠದ್ದೂ. ‘ನಮ್ಮ ಹುಡುಗ, ಬಿಟ್ಟು ಕಳಿಸ್ರಿ’ ಎಂಬ ಒಂದು ಮಾತಿಗೆ 500 ರೂಪಾಯಿಯ ದಂಡ ಕರಗಿಹೋಗುತ್ತದೆ. ಗಾಡಿಯ ಮುಂದೆ ಸಮಾಜದ ಸಂಘದ ಹೆಸರೋ, ಮಠದ ಹೆಸರೋ ಬರೆಸಿಕೊಂಡವರನ್ನು ಯಾರೂ ನಿಲ್ಲಿಸುವುದಿಲ್ಲ. ಆಮೇಲೆ ಆ ಕಾನ್‌ಸ್ಟೇಬಲ್ ಏನು ಮಾಡುತ್ತಾನೆ? ಮೇಲಿನವರಿಗೆ ಸಂಜೆಯೊಳಗೆ ಇಂತಿಷ್ಟು ಕೇಸಿನ ಲೆಕ್ಕ ಒಪ್ಪಿಸಬೇಕಾಗಿರುತ್ತದೆ. ನಮ್ಮ ಹುಡುಗನ ಮುಂದೆ ನುಂಗಿಕೊಂಡ ಸಿಟ್ಟೂ ಒಳಗೆ ಇರುತ್ತದೆ. ಮುಂದೆ ಬರುವ ಗಾಡಿಯವನಿಗೆ ಫೋನ್ ಮಾಡಲು ಯಾರೂ ಇಲ್ಲ ಎಂಬುದು ಅವನ ಅಂಗಿ ನೋಡಿದರೆ ತಿಳಿಯುತ್ತದೆ. ಎರಡೂ ಲೆಕ್ಕ ಅಲ್ಲಿ ಚುಕ್ತಾ ಆಗುತ್ತವೆ. ಜಾತಿ, ಬಟ್ಟೆ, ಭಾಷೆ ನೋಡಿ ದಂಡದ ರೀತಿ ಬದಲಾಗುವುದನ್ನು ನಾವು ಅನ್ಯಾಯವೆಂದು ಭಾಷಣದಲ್ಲಿ ಹೇಳುತ್ತೇವೆ. ಆದರೆ ನಮ್ಮ ಒಂದು ಫೋನ್ ಕರೆ ಆ ಅನ್ಯಾಯದ ಮೊದಲ ಮೆಟ್ಟಿಲು ಎಂಬುದು ಹೊಳೆಯುವುದಿಲ್ಲ.

2019ರ ಅದೇ ತಿದ್ದುಪಡಿಯಲ್ಲಿ ಬಹಳ ಜನರಿಗೆ ತಿಳಿಯದ ಒಂದು ಕಲಮಿದೆ. ಈ ಕಾಯ್ದೆಯನ್ನು ಜಾರಿ ಮಾಡುವ ಅಧಿಕಾರ ಇರುವವರೇ ಅದನ್ನು ಮುರಿದರೆ ದಂಡ ಎರಡು ಪಟ್ಟು. ಪೊಲೀಸರು ಹೆಲ್ಮೆಟ್ ಇಲ್ಲದೆ ಹೋದರೆ ನಮಗಿರುವ ದಂಡದ ಎರಡರಷ್ಟು ಕಟ್ಟಬೇಕು. ಅಧಿಕಾರ ಹೆಚ್ಚಿದ್ದವನಿಗೆ ಹೊಣೆ ಹೆಚ್ಚು ಎಂದು ಶಾಸನವೇ ಒಪ್ಪಿದ ಅಪರೂಪದ ಜಾಗ ಇದು. ಈ ಲೆಕ್ಕವನ್ನು ಸಮಾಜದ ಗಣ್ಯರಿಗೂ ಹಚ್ಚುವಂತಿದ್ದರೆ ಚೆನ್ನಾಗಿತ್ತು ಎಂದು ಆಗಾಗ ಅನ್ನಿಸುತ್ತದೆ.

ಪೊಲೀಸ್ ಕೆಲಸವೇ ಕೀಳು ಎಂಬ ಭಾವನೆ ಶರಣ ಪರಂಪರೆಯವರಿಗೆ ಒಪ್ಪುವಂಥದ್ದಲ್ಲ. ನಮ್ಮ ಶರಣರ ಸಾಲಿನಲ್ಲಿ ತಳವಾರ ಕಾಮಿದೇವಯ್ಯನವರಿದ್ದಾರೆ. ಊರು ಕಾಯುವುದು ಅವರ ಕಾಯಕ. ಸುಂಕದ ಬಂಕಣ್ಣನವರಿದ್ದಾರೆ. ಸುಂಕ ಎತ್ತುವುದು ಅವರ ಕಾಯಕ. ಇಂದಿನ ಮಾತಿನಲ್ಲಿ ಒಬ್ಬರು ಬೀಟ್ ಪೊಲೀಸ್, ಇನ್ನೊಬ್ಬರು ಚೆಕ್‌ಪೋಸ್ಟಿನವರು. ಅದೇ ಸಾಲಿನಲ್ಲಿ ಕನ್ನದ ಮಾರಿತಂದೆಯವರೂ ಇದ್ದಾರೆ. ಅವರ ಹಿಂದಿನ ಕಸುಬು ಹೆಸರಿನಲ್ಲೇ ಇದೆ. ಕಾಯುವವರನ್ನೂ ಕನ್ನ ಹಾಕುತ್ತಿದ್ದವರನ್ನೂ ಒಂದೇ ಸಾಲಿನಲ್ಲಿ ಎಣಿಸುವ ಪರಂಪರೆ ಇದು. ಊರು ಕಾಯುವ ಕೆಲಸವನ್ನು ಅವರು ಬಿಟ್ಟುಬಿಡಿ ಅನ್ನಲಿಲ್ಲ. ಅದನ್ನೂ ಕಾಯಕವೆಂದು ಎಣಿಸಿದರು. ಕಾಯಕವೆಂದ ಮೇಲೆ ಅದಕ್ಕೊಂದು ಮಿತಿ ಇರಲೇಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ತಿರುಗಿ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮನವರು ಕಳಿಸಿದ ಕಥೆ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ದಂಡದ 500 ರೂಪಾಯಿ ಆ ದಿನದ ಪಾಲಿನ ಅಕ್ಕಿ. ಅದರ ಜೊತೆಗೆ ಕೊಡುವ ಏಟು, ತಾಯಿ ತಂಗಿಯರ ಹೆಸರೆತ್ತಿ ಬೈಯುವ ಮಾತು, ಜನರ ಮುಂದೆ ಹೊಡೆಸುವ ಬಸ್ಕಿ, ಇವೆಲ್ಲ ಪಾಲಿಗಿಂತ ಹೆಚ್ಚು ತಂದದ್ದು.

ಆ ಹೆಚ್ಚಿನ ಭಾರ ಕಾನ್‌ಸ್ಟೇಬಲ್‌ಗಳ ಹೆಗಲ ಮೇಲೂ ಇದೆ ಎನ್ನುವುದನ್ನು ಬಿಟ್ಟರೆ ಲೇಖನ ಒಂದೇ ಕಣ್ಣಿನದಾಗುತ್ತದೆ. ಬಿಸಿಲಲ್ಲಿ, ಹೊಗೆಯಲ್ಲಿ ನಿಂತು ಮಾಡುವ ಕೆಲಸಕ್ಕೆ ಗಂಟೆಯ ಲೆಕ್ಕವಿಲ್ಲ. ಬಂದೋಬಸ್ತ್ ಬಂತೆಂದರೆ ವಾರದ ರಜೆ ಹೋಯಿತು. 2016ರ ಜೂನ್‌ನಲ್ಲಿ ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುವ ಮಾತೆತ್ತಿದ್ದರು. ಸಂಬಳ, ರಜೆ, ಮೇಲಧಿಕಾರಿಗಳ ಮನೆಚಾಕರಿ, ಇವು ಅವರ ದೂರಾಗಿದ್ದವು. ಕೇಳಲು ಸಂಘ ಕಟ್ಟುವ ಹಕ್ಕೂ ಅವರಿಗಿಲ್ಲ. ಸರ್ಕಾರ ಅದನ್ನು ಬಿಗಿಯಾಗಿ ತಡೆಯಿತು. ಔರಾದ್ಕರ್ ಅವರ ಸಮಿತಿಯ ವರದಿ ಬಂತು. ಸಂಬಳದಲ್ಲಿ ಕೆಲವು ಬದಲಾವಣೆ ಆಯಿತು. ಕೆಲಸದ ಹೊತ್ತು ಮಾತ್ರ ಇದ್ದ ಹಾಗೇ ಇದೆ. ಮೇಲಿನವರಿಂದ ಏಕವಚನದಲ್ಲಿ ಬೈಸಿಕೊಂಡವನು ರಸ್ತೆಗೆ ಬಂದು ಬಹುವಚನದಲ್ಲಿ ಮಾತಾಡಬೇಕು ಎಂದು ಬಯಸುತ್ತೇವೆ. ಬಯಸುವುದು ನ್ಯಾಯವೇ. ಆದರೆ ಠಾಣೆಯ ಒಳಗಿನ ಭಾಷೆ ಬದಲಾಗದೆ ಸರ್ಕಲ್ಲಿನ ಭಾಷೆ ಬದಲಾಗದು.

ಬಲವಿಲ್ಲದೆ ದಂಡ ವಸೂಲಿ ಆಗುತ್ತದೆಯೇ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡಬಹುದು. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಕೆಲವು ದಿನಗಳ ಮಟ್ಟಿಗೆ ಶೇ. 50 ರಿಯಾಯಿತಿ ಕೊಟ್ಟಿತು. ಬಹುಪಾಲು ಕ್ಯಾಮೆರಾದಲ್ಲಿ ದಾಖಲಾದ ಕೇಸುಗಳು ಅವು. ಯಾರೂ ಯಾರ ಕೀಲಿ ಕಿತ್ತುಕೊಳ್ಳಲಿಲ್ಲ. ಜನ ತಾವಾಗಿ ಸಾಲಿನಲ್ಲಿ ನಿಂತು, ಮೊಬೈಲಿನಲ್ಲಿ ಒತ್ತಿ, ನೂರು ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿದರು. ಕ್ಯಾಮೆರಾಕ್ಕೂ ದೋಷಗಳಿವೆ, ತಪ್ಪು ನಂಬರಿಗೆ ನೋಟಿಸು ಹೋಗುವುದುಂಟು. ಆದರೆ ಅದು ಯಾರ ಅಂಗಿಯನ್ನೂ ನೋಡುವುದಿಲ್ಲ, ಯಾರ ಫೋನನ್ನೂ ಎತ್ತುವುದಿಲ್ಲ. ಇನ್ನೊಂದು ಉದಾಹರಣೆ ಟೋಯಿಂಗಿನದು. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಎಎಸ್‌ಐ ಒಬ್ಬರು ಅಂಗವಿಕಲ ಮಹಿಳೆಯನ್ನು ನಡುರಸ್ತೆಯಲ್ಲಿ ಒದ್ದ ದೃಶ್ಯ ನಾಡೆಲ್ಲ ನೋಡಿತು. ಆಕೆ ಮೊದಲು ಕಲ್ಲೆಸೆದಿದ್ದಳು ಎಂಬುದೂ ನಿಜ. ಕಲ್ಲೆಸೆದದ್ದಕ್ಕೆ ಕೇಸು ಇದೆ, ಕೋರ್ಟು ಇದೆ. ಬೂಟುಗಾಲಿಗೆ ಯಾವ ಕಲಮಿದೆ? ಆ ಅಧಿಕಾರಿ ಅಮಾನತಾದರು, ಮರುತಿಂಗಳು ಟೋಯಿಂಗನ್ನೇ ನಿಲ್ಲಿಸಿದರು. ಒಂದು ಒದೆತದಿಂದ ಪಾರ್ಕಿಂಗ್ ನಿಯಮವೇ ಬಲ ಕಳೆದುಕೊಂಡಿತು. ಅತಿಯಾದ ಬಲ ನಿಯಮಕ್ಕೆ ಗೌರವ ತರುತ್ತದೆ ಎನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾನೂನು ಕಡತದಲ್ಲಿ ನಮಗೆ ಬೇಕಾದದ್ದು ಬಹುತೇಕ ಇದೆ. 1996ರ ಡಿ.ಕೆ. ಬಸು ಪ್ರಕರಣದಲ್ಲಿ, ಬಂಧಿಸುವ ಪೊಲೀಸರು ಹೆಸರು ಮತ್ತು ಹುದ್ದೆ ಕಾಣುವ ಫಲಕ ಧರಿಸಿರಬೇಕು, ಮನೆಯವರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ 60 ದಾಟಿದವರನ್ನು, ಅಶಕ್ತರನ್ನು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಒಪ್ಪಿಗೆ ಇಲ್ಲದೆ ಬಂಧಿಸುವಂತಿಲ್ಲ. ಅದೇ ದಿನ ಬಂದ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ, ಉದಾಹರಣೆಗೆ ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದ್ದಕ್ಕೆ, ಸಮುದಾಯ ಸೇವೆಯ ಶಿಕ್ಷೆಯನ್ನು ಮೊದಲ ಸಲ ತಂದಿದೆ. ತಪ್ಪು ಮಾಡಿದವನು ಊರಿಗೆ ಒಂದು ಕೆಲಸ ಮಾಡಿಕೊಟ್ಟು ತಿದ್ದಿಕೊಳ್ಳಲಿ ಎಂಬ ಈ ಯೋಚನೆ ನಮ್ಮವರಿಗೆ ಹತ್ತಿರವಾಗಬೇಕು. ಯಾವ ಕೆಲಸ ಕೊಡಬೇಕೆಂದು ನ್ಯಾಯಾಲಯಗಳು ಹುಡುಕುತ್ತಿರುವಾಗ ದಾಸೋಹದ ಮನೆ, ಪ್ರಸಾದ ನಿಲಯ, ಗೋಶಾಲೆ ಇರುವ ಮಠಗಳು ಮುಂದೆ ಬಂದು ಇಲ್ಲಿ ಮಾಡಲಿ ಎನ್ನಬಹುದು.

ದೂರು ಕೊಡುವ ದಾರಿಯೂ ಇದೆ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ, ನಮ್ಮ ರಾಜ್ಯವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ರಾಜ್ಯ ಮಟ್ಟದಲ್ಲೂ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರಕ್ಕೆ ಜಾಗ ಮಾಡಿತು. ಜಿಲ್ಲಾ ನ್ಯಾಯಾಲಯದಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಡವರಿಗೆ ವಕೀಲರನ್ನು ಬಿಟ್ಟಿಯಾಗಿ ಕೊಡುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಇವು ಯಾವುವೂ ಟೊಮೆಟೊ ಮಾರುವ ತಾಯಿಗೆ ಗೊತ್ತಿಲ್ಲ. ಗೊತ್ತಿದ್ದರೂ ಅರ್ಜಿ ಬರೆಯುವವರು ಬೇಕು. ನಮ್ಮ ಮಠಗಳ ಶಾಲೆ ಕಾಲೇಜುಗಳಲ್ಲಿ ಕಾನೂನು ಓದುವ ಮಕ್ಕಳಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ. ಅಮಾವಾಸ್ಯೆಯ ದಿನ ದರ್ಶನಕ್ಕೆ ಬರುವ ಜನರ ನಡುವೆ ಒಂದು ಮೇಜು ಹಾಕಿ ಇಬ್ಬರು ಕುಳಿತರೆ ಅರ್ಜಿ ಬರೆದುಕೊಡಬಹುದು. ಶಾಸಕರಿಗೆ ಫೋನ್ ಮಾಡುವುದಕ್ಕಿಂತ ಇದು ನಿಧಾನದ ಕೆಲಸ. ಆದರೆ ಇದರಲ್ಲಿ ಹೆಸರು, ದಿನಾಂಕ, ಠಾಣೆ ಎಲ್ಲ ಕಾಗದದ ಮೇಲೆ ಉಳಿಯುತ್ತವೆ.

ಇನ್ನು ಜಾತ್ರೆಯ ಮಾತು. ಇದರಲ್ಲಿ ನಮ್ಮ ಕೈ ನೇರವಾಗಿದೆ. ರಥಬೀದಿ ಖಾಲಿ ಇರಬೇಕು ಎಂದು ಪೊಲೀಸರಿಗೆ ಹೇಳುವವರು ನಾವೇ. ತೇರು ಎಳೆಯುವಾಗ ಜಾಗ ಬೇಕು, ನೂಕುನುಗ್ಗಲಾದರೆ ಜೀವ ಹೋಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಡು ಬತ್ತಾಸು, ಬಳೆ, ಆಟಿಕೆ, ಮಿರ್ಚಿ ಭಜಿ ಮಾರುವವರು ಇಲ್ಲದೆ ಜಾತ್ರೆ ಯಾವುದು? ಹತ್ತಾರು ಹಳ್ಳಿಯಿಂದ ಸಾಲ ಮಾಡಿ ಮಾಲು ತಂದವರು ಅವರು. ಅಂಗಡಿ ಸಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಸುಣ್ಣದ ಗೆರೆ ಎಳೆದು ಮೊದಲೇ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ. ಜಕಾತಿ ವಸೂಲಿ ಮಾಡುವವರು ರಸೀದಿ ಕೊಡಲಿ. ಆ ರಸೀದಿ ತೋರಿಸಿದವರನ್ನು ತೇರಿನ ಹೊತ್ತಿಗೆ ಮುಂಚೆ ಎಬ್ಬಿಸುವುದಿಲ್ಲ ಎಂದು ಬರೆದು ಅಂಟಿಸಲಿ. ಎಬ್ಬಿಸುವ ಕೆಲಸಕ್ಕೆ ಮೊದಲು ನಮ್ಮ ಸ್ವಯಂಸೇವಕರು ಹೋಗಿ ಒಂದು ಗಂಟೆ ಮುಂಚೆ ಹೇಳಿ ಬರಲಿ. ಲಾಠಿ ಹಿಡಿದವರು ಕೊನೆಗೆ ಬರಲಿ.

ಬಂದೋಬಸ್ತಿಗೆ ಬಂದ ಕಾನ್‌ಸ್ಟೇಬಲ್‌ಗಳಿಗೆ ಪ್ರಸಾದದ ಪೊಟ್ಟಣ ಕೈಗೆ ಕೊಟ್ಟು ಮುಗಿಸುವ ರೂಢಿ ಹಲವು ಕಡೆ ಇದೆ. ಅಧಿಕಾರಿಗಳಿಗೆ ಒಳಗಿನ ಕೋಣೆ, ಎಲೆ, ತುಪ್ಪ. ಇದೂ ಬದಲಾಗಬೇಕು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಲಿ. ಸರದಿಯಂತೆ ಅರ್ಧ ಗಂಟೆ ನೆರಳಲ್ಲಿ ಕೂರಲು ಕುರ್ಚಿ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇರಲಿ. ಹಸಿದು, ದಣಿದು ನಿಂತವನ ಕೈಯಲ್ಲಿ ಲಾಠಿ ಬೇಗ ಏಳುತ್ತದೆ.

ಪ್ರತಿ ಊರಿನಲ್ಲೂ ಜಾತ್ರೆಗೆ ಮೊದಲು ಪೂರ್ವಭಾವಿ ಸಭೆ ನಡೆಯುತ್ತದೆ. ತಹಶೀಲ್ದಾರರು, ಪಿಎಸ್‌ಐ, ಪುರಸಭೆ ಮುಖ್ಯಾಧಿಕಾರಿ, ಮಠದ ಟ್ರಸ್ಟಿಗಳು ಎಲ್ಲರೂ ಇರುತ್ತಾರೆ. ಪಟಾಕಿ, ನೀರು, ಪಾರ್ಕಿಂಗ್ ಎಂದು ಚರ್ಚೆ ಆಗುತ್ತದೆ. ಅಂಗಡಿ ಸಾಲಿನ ಗೆರೆ, ರಸೀದಿ, ಮತ್ತು ಯಾರ ಮೇಲೂ ಕೈ ಎತ್ತಬಾರದೆಂಬ ಮಾತು ಈ ವರ್ಷದ ಸಭೆಯ ಪಟ್ಟಿಗೆ ಸೇರಬೇಕು. ವ್ಯಾಪಾರಿಗಳಲ್ಲಿ ಇಬ್ಬರನ್ನು ಸಭೆಗೆ ಕರೆಯಬೇಕು. ಈ ವಿಷಯ ಯಾರು ಎತ್ತಬೇಕೆಂದು ಹೋಗುವ ಮೊದಲೇ ಗೊತ್ತುಮಾಡಿಕೊಂಡು, ಪಟ್ಟಿಯ ಮೇಲ್ಭಾಗದಲ್ಲೇ ಬರೆಸಿಬಿಡುವುದು ಒಳ್ಳೆಯದು. ಕೊನೆಗೆ ಎತ್ತಿದರೆ ಚಹಾ ಬಂದಿರುತ್ತದೆ, ಸಾಹೇಬರು ಎದ್ದಿರುತ್ತಾರೆ.